ಬರಿದಾದ ಪೆಟ್ರೋಲು ಟ್ಯಾಂಕು

ಮೋಟಾರು ಸೈಕಲ್ಲಿನ ಟ್ಯಾಂಕುಗಳೆರಡನ್ನು ಊಹಿಸಿಕೊಳ್ಳಿ. ಒಂದರ ತುಂಬ ಪೆಟ್ರೋಲಿದೆ. ಇನ್ನೊಂದನ್ನು ಆಗತಾನೆ ಬಸಿದು ಬರಿದುಮಾಡಿದೆ. ಯಾವುದಕ್ಕೆ ಹೆಚ್ಚು ಅಂಜಬೇಕು? ತರಗತಿಯಲ್ಲಿ ಹೀಗೆ ಕೇಳಿದಾಗಲೆಲ್ಲ ನಮಗೆ ದೊರೆತ ಉತ್ತರ, ತುಂಬಿದ್ದಕ್ಕೆ ಎಂದೇ.

ಶೆಟ್ಟಿಕೆರೆಯಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದೆವು. ಅವನ ತಂದೆಯದು ಮೈಸೂರಿನಲ್ಲಿ ತಯಾರಾದ ಹಳೆಯ ಯೆಜ್ಡಿ. ಅಲ್ಲಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಕೆಲಸ ಆರಂಭಿಸಿ 1996ರಲ್ಲಿ ನಿಂತುಹೋಯಿತಾದರೂ, ಅದರ ಗಾಡಿಗಳು ಇನ್ನೂ ಓಡುತ್ತಿವೆ. ಈ ಗಾಡಿಯ ಟ್ಯಾಂಕಿನ ತಳ ತುಕ್ಕು ಹಿಡಿದು ಜಿನುಗುತ್ತಿತ್ತು. ಹುಡುಗ ಅದನ್ನು ಬಿಚ್ಚಿ, ಬಸಿದು, ಬಚ್ಚಲ ಬಾಗಿಲಿನ ಪಕ್ಕದ ಜಗಲಿಯ ಮೇಲೆ ಇಟ್ಟಿದ್ದ. ಒಳಗೆ ಹಂಡೆಯ ಒಲೆಯಲ್ಲಿ ತೆಂಗಿನ ಮಟ್ಟೆ ಉರಿಯುತ್ತಿತ್ತು.

"ಖಾಲಿ ಸಾರ್, ಒಂದು ತೊಟ್ಟೂ ಇಲ್ಲ. ಬೆಸುಗೆ ಹಾಕಿಸಲು ತಿಪಟೂರಿಗೆ ಒಯ್ಯುತ್ತೇನೆ" ಎಂದ.

ನಾವು ಮೊದಲು ಟ್ಯಾಂಕನ್ನು ಹಿತ್ತಿಲ ಬಯಲಿಗೆ ಸಾಗಿಸಿದೆವು. ವಿವರಣೆಯೆಲ್ಲ ಆಮೇಲೆ.

ಉರಿಯುವುದು ಪೆಟ್ರೋಲಿನ ದ್ರವವಲ್ಲ, ಅದರ ಆವಿ. ಅದೂ ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆತಾಗ ಮಾತ್ರ. ನೂರು ಪಾಲು ಮಿಶ್ರಣದಲ್ಲಿ ಆವಿ ಸುಮಾರು ಒಂದೂವರೆ ಪಾಲಿಗಿಂತ ಕಡಿಮೆಯಿದ್ದರೆ ಉರಿ ಹಬ್ಬದು. ಏಳೂವರೆ ಪಾಲನ್ನು ಮೀರಿದರೂ ಹಬ್ಬದು. ತುಂಬಿದ ಟ್ಯಾಂಕಿನ ಒಳಗೆ, ದ್ರವದ ಮೇಲಿನ ಕಿರಿದಾದ ಜಾಗದಲ್ಲಿ ಆವಿಯು ಈ ಮೇಲಿನ ಮಿತಿಯನ್ನು ಎಷ್ಟೋ ದಾಟಿರುತ್ತದೆ. (ಹಾಗೆಂದು ಅದರ ಬಾಯಿಯ ಬಳಿ ಕಡ್ಡಿ ಗೀರಬೇಡಿ, ಹೊರಗೆ ಗಾಳಿಗೇನೂ ಬರವಿಲ್ಲ!) ಬಸಿದೊಡನೆ ಪೆಟ್ರೋಲಿದ್ದ ಎಡೆಗೆಲ್ಲ ಗಾಳಿ ನುಗ್ಗುತ್ತದೆ. ಗೋಡೆಗಂಟಿದ ಪಸೆ ಆವಿಯಾಗುತ್ತದೆ.

13 ಲೀಟರು ಹಿಡಿಯುವ ಟ್ಯಾಂಕನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಒಂದು ಮಿಲಿಲೀಟರು ಪೆಟ್ರೋಲು ಆವಿಯಾದರೆ ಸುಮಾರು 180 ಮಿಲಿಲೀಟರು ಜಾಗ ಹಿಡಿಯುತ್ತದೆ. ಟ್ಯಾಂಕಿನ ನೂರರಲ್ಲಿ ಒಂದೂವರೆ ಪಾಲು ಹೆಚ್ಚುಕಡಿಮೆ ಇಷ್ಟೇ! ಟೀ ಚಮಚದ ಐದರಲ್ಲೊಂದು ಭಾಗ ಸಾಕು; ಪೂರ್ಣ ಚಮಚ ಆವಿಯಾದರೂ ಮಿಶ್ರಣ ಅಪಾಯದ ಎಲ್ಲೆಯೊಳಗೇ ಉಳಿಯುತ್ತದೆ. ಯೆಜ್ಡಿಯಂಥ ಗಾಡಿಗಳಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸುವುದರಿಂದ, ತಳದಲ್ಲಿ ಉಳಿದ ಎಣ್ಣೆಯ ಪಸೆ ಪೆಟ್ರೋಲನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ.

ಈ ಆವಿ ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ಅದು ನೀರಿನಂತೆ ನೆಲದ ಮೇಲೆ ತಗ್ಗಿಗೆ ಹರಿಯುತ್ತದೆ. ನಮ್ಮ ಮನೆಗಳಲ್ಲಿ ತಗ್ಗಾದ ಜಾಗ ಯಾವುದು? ಬಚ್ಚಲು, ಅಲ್ಲಿಯೇ ಒಲೆ.

ಆದುದರಿಂದ ಟ್ಯಾಂಕನ್ನು ಬಯಲಿನಲ್ಲಿ, ಎಂಜಿನು ಪೂರ್ತಿ ತಣಿದ ಮೇಲೆಯೇ ಬಿಚ್ಚಬೇಕು. ಬ್ಯಾಟರಿಯ ಎರಡು ತಂತಿಗಳಲ್ಲಿ ಗಾಡಿಯ ಚೌಕಟ್ಟಿಗೆ ಸೇರಿದುದನ್ನು ಮೊದಲು ಕಳಚಬೇಕು. ಇನ್ನೊಂದನ್ನು ಮೊದಲು ಬಿಚ್ಚಹೊರಟರೆ, ಸ್ಪಾನರು ಚೌಕಟ್ಟಿಗೆ ತಗುಲಿದೊಡನೆ ಕಿಡಿ ಹಾರುತ್ತದೆ. ಆಮೇಲೆ ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ ರಬ್ಬರು ಕೊಳವೆಯನ್ನು ಎಳೆದುಕೊಳ್ಳಿ. ಪೆಟ್ರೋಲು ಹರಿಯುವಾಗ ವಿದ್ಯುದಾವೇಶ ಹುಟ್ಟುವುದರಿಂದ, ಬಸಿಯಲು ಪ್ಲಾಸ್ಟಿಕ್ ಬಕೆಟ್ಟು ಸಲ್ಲದು. ಮುಚ್ಚಳವಿರುವ ಲೋಹದ ಡಬ್ಬಿ ಬೇಕು, ಅದನ್ನು ತಂತಿಯಿಂದ ಟ್ಯಾಂಕಿಗೆ ಜೋಡಿಸಿರಬೇಕು. ಉಳಿದದ್ದು ಸೀಟಿನಡಿಯ ಬೋಲ್ಟನ್ನು ಬಿಚ್ಚಿ, ಟ್ಯಾಂಕಿನ ಹಿಂಭಾಗವನ್ನೆತ್ತಿ ಹಿಂದಕ್ಕೆ ಜಾರಿಸುವ ಕೆಲಸ ಮಾತ್ರ. ಈಚಿನ ಇಂಧನ ಇಂಜೆಕ್ಷನ್ ಗಾಡಿಗಳ ಮಾತು ಬೇರೆ. ಅವುಗಳ ಪಂಪು ಟ್ಯಾಂಕಿನೊಳಗೇ ಇದ್ದು, ಕೊಳವೆಯಲ್ಲಿ ಒತ್ತಡವಿರುತ್ತದೆ. ಅವನ್ನು ಮನೆಯಲ್ಲಿ ಮುಟ್ಟದಿರುವುದೇ ಲೇಸು.

ಹುಡುಗ ಮರುದಿನ ತಿಪಟೂರಿಗೆ ಹೋದ. ಬೆಸುಗೆಯವರು ಟ್ಯಾಂಕಿನ ಬಾಯಿಗೆ ಮೂಗಿಟ್ಟು ನೋಡಿ, "ಇದಕ್ಕೆ ಬೆಂಕಿ ತೋರಿಸುವುದಿಲ್ಲ" ಎಂದು ಹಿಂದಕ್ಕೆ ಕಳುಹಿಸಿದರಂತೆ. ಅವರು ಭೌತಶಾಸ್ತ್ರ ಓದಿದವರಲ್ಲ. ತೂತು ಸಣ್ಣದಾಗಿದ್ದುದರಿಂದ ಕೊನೆಗೆ ತುಕ್ಕನ್ನು ಕೈಯಿಂದಲೇ ಉಜ್ಜಿ ತೆಗೆದು ಎಪಾಕ್ಸಿ ಅಂಟಿನಿಂದ ಮುಚ್ಚಲಾಯಿತು.