ಬಂಡವಾಳ, ಮತ ಮತ್ತು ಮಧ್ಯಮ ವರ್ಗ: ಹೊಸಕೆರೆಹಳ್ಳಿಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಬಂಡವಾಳಶಾಹಿ ಮತ್ತು ಪ್ರಜಾಪ್ರಭುತ್ವ ಒಂದೇ ಸಮಾಜದಲ್ಲಿ ಒಟ್ಟಿಗೆ ಬಾಳಬಲ್ಲವೇ ಎಂಬುದು ಆಧುನಿಕ ರಾಜಕೀಯ ಚಿಂತನೆಯ ಹಳೆಯ ಪ್ರಶ್ನೆಗಳಲ್ಲೊಂದು. ಪ್ರಜಾಪ್ರಭುತ್ವವು ಪ್ರತಿಯೊಬ್ಬ ವಯಸ್ಕನಿಗೂ ಒಂದೇ ಮತವನ್ನು ಕೊಡುತ್ತದೆ. ಮಾರುಕಟ್ಟೆಯಾದರೋ ಕೈಯಲ್ಲಿರುವ ಹಣಕ್ಕೆ ತಕ್ಕಂತೆ ಮಾತಿನ ಬೆಲೆಯನ್ನು ನಿಗದಿ ಮಾಡುತ್ತದೆ. ಸಮಾನತೆಯನ್ನು ತಳಹದಿಯಾಗಿಸಿಕೊಂಡ ವ್ಯವಸ್ಥೆಯೊಂದು ಅಸಮಾನತೆಯನ್ನು ಸಹಜವೆಂದು ಒಪ್ಪಿದ ಇನ್ನೊಂದು ವ್ಯವಸ್ಥೆಯ ಜೊತೆ ಸಂಸಾರ ನಡೆಸಬೇಕಾದ ಈ ಪರಿಸ್ಥಿತಿಯನ್ನು ವಿದ್ವಾಂಸರು ಭಿನ್ನ ನೆಲೆಗಳಿಂದ ನೋಡಿದ್ದಾರೆ. ಕಾರ್ಲ್ ಪೊಲಾನಿಯು 1944ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಅಂಕೆಯಿಲ್ಲದ ಮಾರುಕಟ್ಟೆಗೆ ಸಮಾಜವನ್ನು ಒಪ್ಪಿಸಿದಾಗ ಸಮಾಜವು ತನ್ನನ್ನು ತಾನು ರಕ್ಷಿಸಿಕೊಳ್ಳಲು ತಿರುಗಿ ನಿಲ್ಲುತ್ತದೆ ಎಂದು ವಾದಿಸಿದನು. ಆರ್ಥಿಕ ಅಭಿವೃದ್ಧಿಯೂ ಅದರಿಂದ ಬೆಳೆಯುವ ವಿಶಾಲ ಮಧ್ಯಮ ವರ್ಗವೂ ಪ್ರಜಾಪ್ರಭುತ್ವಕ್ಕೆ ಆಧಾರವೆಂದು ಸೀಮೋರ್ ಲಿಪ್ಸೆಟ್ 1959ರಲ್ಲಿ ಪ್ರತಿಪಾದಿಸಿದನು. ಭಾರತದ ಮಟ್ಟಿಗೆ ಈ ಪ್ರಶ್ನೆಯನ್ನು ಅತ್ಯಂತ ಖಚಿತವಾಗಿ ಮುಂದಿಟ್ಟವರು ಡಾ. ಬಿ.ಆರ್. ಅಂಬೇಡ್ಕರ್. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ಅವರು, ರಾಜಕೀಯದಲ್ಲಿ ಸಮಾನತೆ ಮತ್ತು ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಅಸಮಾನತೆ ಎಂಬ ವೈರುಧ್ಯವನ್ನು ಹೆಚ್ಚು ಕಾಲ ಉಳಿಸಿಕೊಂಡರೆ ರಾಜಕೀಯ ಪ್ರಜಾಪ್ರಭುತ್ವವೇ ಅಪಾಯಕ್ಕೆ ಸಿಲುಕುತ್ತದೆಂದು ಎಚ್ಚರಿಸಿದರು.

ಈ ಪ್ರಶ್ನೆಯನ್ನು ದಕ್ಷಿಣ ಬೆಂಗಳೂರಿನ ಒಂದು ಪ್ರದೇಶದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೊಸಕೆರೆಹಳ್ಳಿಯು ಹೆಸರೇ ಹೇಳುವಂತೆ ಕೆರೆಯನ್ನು ಆಶ್ರಯಿಸಿ ಬೆಳೆದ ಊರು. ಇಂದು ಅದು ಬನಶಂಕರಿ ಮೂರನೆಯ ಹಂತ, ಗಿರಿನಗರ, ಕತ್ರಿಗುಪ್ಪೆ, ಇಟ್ಟಮಡುಗಳ ನಡುವೆ ಬೆರೆತುಹೋಗಿರುವ ನಗರದ ಭಾಗ. ಹಳೆಯ ಗ್ರಾಮಸ್ಥರು, ನಿವೃತ್ತ ನೌಕರರು, ಸಣ್ಣ ವ್ಯಾಪಾರಿಗಳು, ಬಾಡಿಗೆದಾರರು, ತಂತ್ರಾಂಶ ಉದ್ಯೋಗಿಗಳು ಒತ್ತೊತ್ತಾಗಿ ನೆಲೆಸಿರುವ ಇಂತಹ ಪ್ರದೇಶಗಳಲ್ಲಿ ಬಂಡವಾಳ ಮತ್ತು ಮತಗಳ ಸಂಬಂಧ ದಿನನಿತ್ಯದ ಅನುಭವವಾಗಿ ಪ್ರಕಟವಾಗುತ್ತದೆ.

ಮಧ್ಯಮ ವರ್ಗದ ನಿರ್ಮಾಣ

ಬೆಂಗಳೂರಿನ ಮಧ್ಯಮ ವರ್ಗವು ಕೇವಲ ಮಾರುಕಟ್ಟೆಯ ಸೃಷ್ಟಿಯಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಮೊದಲ ಸಂಗತಿ. 1940ರಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆ, 1948ರ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್, 1964ರ ಬಿಇಎಂಎಲ್ ಇವುಗಳು ಸಾವಿರಾರು ಕುಟುಂಬಗಳಿಗೆ ಖಾಯಂ ಕೆಲಸ, ಭವಿಷ್ಯ ನಿಧಿ, ಆಸ್ಪತ್ರೆ ಮತ್ತು ಕ್ಯಾಂಟೀನುಗಳನ್ನು ಒದಗಿಸಿದವು. ಹಳ್ಳಿಯಿಂದ ಬಂದು ಯಂತ್ರದ ಮುಂದೆ ನಿಂತವನ ಮಗ ಎಂಜಿನಿಯರಾಗುವುದು ಒಂದೇ ತಲೆಮಾರಿನಲ್ಲಿ ಸಾಧ್ಯವಾಯಿತು. ಕಾರ್ಖಾನೆಗಳು ಜಾಲಹಳ್ಳಿ, ದೂರವಾಣಿನಗರ, ವಿಮಾನಪುರಗಳಲ್ಲಿದ್ದರೂ ನೌಕರರು ಗೃಹನಿರ್ಮಾಣ ಸಹಕಾರ ಸಂಘಗಳ ಮೂಲಕ ನಗರದ ಇತರ ದಿಕ್ಕುಗಳಲ್ಲಿಯೂ ನಿವೇಶನಗಳನ್ನು ಪಡೆದರು. ಬನಶಂಕರಿ ಮೂರನೆಯ ಹಂತದಲ್ಲಿ ಇಂದಿಗೂ ಬಳಕೆಯಲ್ಲಿರುವ ಐಟಿಐ ಬಡಾವಣೆ ಎಂಬ ಹೆಸರು ಆ ಕಾಲದ ಕುರುಹಾಗಿದೆ.

ಈ ವರ್ಗ ತನ್ನ ಪಾಲನ್ನು ಕೇಳಿ ಪಡೆಯುವ ಶಕ್ತಿಯನ್ನೂ ಹೊಂದಿತ್ತು. 1980ರ ಡಿಸೆಂಬರ್ ಅಂತ್ಯದಲ್ಲಿ ಆರಂಭವಾಗಿ 77 ದಿನಗಳ ಕಾಲ ನಡೆದ ಸಾರ್ವಜನಿಕ ಉದ್ಯಮಗಳ ಮುಷ್ಕರದಲ್ಲಿ ಬೆಂಗಳೂರಿನ ಒಂದು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಭಾಗವಹಿಸಿದರು. ವೇತನ ಸಮಾನತೆಯ ಬೇಡಿಕೆ ಪೂರ್ಣವಾಗಿ ಈಡೇರದಿದ್ದರೂ, ಉದ್ಯೋಗದಾತನ ಎದುರು ಸಂಘಟಿತ ನೌಕರ ಮಾತನಾಡಬಲ್ಲ ಎಂಬ ಭಾವನೆ ಅಂದಿನ ನಗರ ಜೀವನದ ಭಾಗವಾಗಿತ್ತು.

ಆದರೆ ಈ ನಿರ್ಮಾಣದ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. ನಗರದ ಬಡಾವಣೆಗಳು ಎದ್ದದ್ದು ಸುತ್ತಲಿನ ಗ್ರಾಮಗಳ ಹೊಲ, ತೋಟ, ಕೆರೆಯಂಗಳಗಳ ಮೇಲೆ. 1894ರ ಭೂಸ್ವಾಧೀನ ಕಾಯಿದೆಯ ಚೌಕಟ್ಟಿನಲ್ಲಿ ಪರಿಹಾರವು ಭೂಮಿಯ ಮುಂದಿನ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಆ ಕಾಯಿದೆಯನ್ನು ಬದಲಿಸಲು 2013ರವರೆಗೆ ಕಾಯಬೇಕಾಯಿತು. ಒಬ್ಬರ ಸ್ಥಿರ ಬದುಕಿಗೆ ಇನ್ನೊಬ್ಬರ ನೆಲ ಬುನಾದಿಯಾಯಿತು. ಆದ್ದರಿಂದ ಮಧ್ಯಮ ವರ್ಗದ ಅವನತಿಯನ್ನು ಕುರಿತು ಮಾತನಾಡುವಾಗ ಹಿಂದಿನ ಕಾಲವನ್ನು ಸುವರ್ಣ ಯುಗವೆಂದು ಬಣ್ಣಿಸುವುದು ಸಾಧುವಲ್ಲ.

ಉದಾರೀಕರಣ ಮತ್ತು ಒಡಕು

1991ರ ಆರ್ಥಿಕ ನೀತಿಯ ನಂತರ ನಗರದ ಉದ್ಯೋಗ ಸ್ವರೂಪವೇ ಬದಲಾಯಿತು. ತಂತ್ರಾಂಶ ಉದ್ಯಮವು ಹೊಸದೊಂದು ಸಂಬಳದ ಶ್ರೇಣಿಯನ್ನು ಹುಟ್ಟುಹಾಕಿತು. ಅದೇ ವೇಳೆಗೆ ದೂರವಾಣಿ ಉಪಕರಣ ಮತ್ತು ಗಡಿಯಾರಗಳ ಮಾರುಕಟ್ಟೆ ತೆರೆದುಕೊಂಡು ಐಟಿಐ, ಎಚ್‌ಎಂಟಿಗಳು ಸೊರಗಿದವು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸಲಾರಂಭಿಸಿದ ಎಚ್‌ಎಂಟಿಯ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ಹೀಗೆ ಮಧ್ಯಮ ವರ್ಗವು ಒಟ್ಟಾಗಿ ಕುಸಿಯಲಿಲ್ಲ. ಅದು ಎರಡಾಗಿ ಒಡೆಯಿತು. ಒಂದು ಭಾಗ ಮೇಲೇರಿತು. ಇನ್ನೊಂದು ಭಾಗ ತಾನು ಕಟ್ಟಿದ ನಗರದಲ್ಲಿಯೇ ಬೆಲೆ ತೆರಲಾರದೆ ಹಿಂದುಳಿಯಿತು.

ರಾಷ್ಟ್ರಮಟ್ಟದ ಅಂಕಿಗಳು ಇದಕ್ಕೆ ಹೊಂದುತ್ತವೆ. ತೋಮಾ ಪಿಕೆಟ್ಟಿ, ಲ್ಯೂಕಾ ಶಾನ್ಸೆಲ್, ನಿತಿನ್ ಕುಮಾರ್ ಭಾರ್ತಿ ಮತ್ತು ಅನ್ಮೋಲ್ ಸೋಮಂಚಿ ಅವರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2022-23ರಲ್ಲಿ ದೇಶದ ಒಟ್ಟು ವರಮಾನದಲ್ಲಿ ಮೇಲಿನ ಶೇ. 1ರಷ್ಟು ಜನರ ಪಾಲು ಶೇ. 22.6, ನಡುವಿನ ಶೇ. 40ರಷ್ಟು ಜನರ ಪಾಲು ಶೇ. 27.3. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬೆಂಗಳೂರಿನಲ್ಲಿ ತಮ್ಮನ್ನು ಮಧ್ಯಮ ವರ್ಗದವರೆಂದು ಕರೆದುಕೊಳ್ಳುವ ಅನೇಕರು ದೇಶದ ಲೆಕ್ಕದಲ್ಲಿ ಮೇಲಿನ ಶೇ. 10ರೊಳಗೆ ಬರುತ್ತಾರೆ. ಅವರ ಆತಂಕ ಸುಳ್ಳಲ್ಲ. ಆದರೆ ಅದು ಬಡತನದ ಆತಂಕವಲ್ಲ, ಭದ್ರತೆ ಕಳೆದುಕೊಳ್ಳುವ ಆತಂಕ.

ಉಳಿತಾಯದ ಬಿಕ್ಕಟ್ಟು

ಭದ್ರತೆಯ ಈ ನಷ್ಟವನ್ನು ನಿವೃತ್ತರ ಬದುಕಿನಲ್ಲಿ ಸ್ಪಷ್ಟವಾಗಿ ಕಾಣಬಹುದು. 1995ರ ನೌಕರರ ಪಿಂಚಣಿ ಯೋಜನೆಯ ಸೂತ್ರದಂತೆ ಪಿಂಚಣಿಗೆ ಅರ್ಹವಾದ ವೇತನವನ್ನು ಸೇವಾವಧಿಯಿಂದ ಗುಣಿಸಿ 70ರಿಂದ ಭಾಗಿಸಲಾಗುತ್ತದೆ. 2014ರ ಸೆಪ್ಟೆಂಬರಿನಲ್ಲಿ ನಿಗದಿಯಾದ 15,000 ರೂಪಾಯಿಗಳ ವೇತನ ಮಿತಿಯಲ್ಲಿ 35 ವರ್ಷಗಳ ಸೇವೆಗೆ ದೊರೆಯುವುದು ತಿಂಗಳಿಗೆ 7,500 ರೂಪಾಯಿ. ಇದರಿಂದ ಸಂಸಾರ ಸಾಗದ ಕಾರಣ ನಿವೃತ್ತಿಯ ಸಮಯದಲ್ಲಿ ಬಂದ ಇಡುಗಂಟಿನ ಬಡ್ಡಿಯೇ ಜೀವನಾಧಾರವಾಗುತ್ತದೆ. 1990ರ ದಶಕದ ಮಧ್ಯಭಾಗದಲ್ಲಿ ದೀರ್ಘಾವಧಿ ಠೇವಣಿಗೆ ಶೇ. 12ರ ಆಸುಪಾಸಿನಲ್ಲಿದ್ದ ಬಡ್ಡಿ 2020-21ರ ವೇಳೆಗೆ ದೊಡ್ಡ ಬ್ಯಾಂಕುಗಳಲ್ಲಿ ಶೇ. 5.4ರ ಮಟ್ಟಕ್ಕಿಳಿಯಿತು. ಹತ್ತು ಲಕ್ಷ ರೂಪಾಯಿಗಳ ಠೇವಣಿಯ ವಾರ್ಷಿಕ ಆದಾಯ 1,20,000ದಿಂದ 54,000ಕ್ಕೆ ಕುಸಿಯಿತು. ಹಿಂದೆಯೂ ಬೆಲೆಯೇರಿಕೆ ತೀವ್ರವಾಗಿತ್ತೆಂಬುದು ನಿಜ. ಆದರೆ 2020-21ರಲ್ಲಿ ಬೆಲೆಯೇರಿಕೆ ಸರಾಸರಿ ಶೇ. 6ನ್ನು ಮೀರಿದ್ದರಿಂದ ಠೇವಣಿಯ ನಿಜಬೆಲೆಯೇ ಕರಗತೊಡಗಿತು.

ಬಡ್ಡಿ ಇಳಿಯುತ್ತಿದ್ದ ಆ ವರ್ಷಗಳಲ್ಲಿ ಹೆಚ್ಚು ಬಡ್ಡಿ ನೀಡುವ ಸಹಕಾರಿ ಬ್ಯಾಂಕುಗಳತ್ತ ಜನ ವಾಲಿದ್ದು ಸಹಜ. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ವಿಧಿಸಿ, ಪ್ರತಿ ಠೇವಣಿದಾರನಿಗೆ 35,000 ರೂಪಾಯಿಗಳಿಗಿಂತ ಹೆಚ್ಚು ಹಣ ತೆಗೆಯದಂತೆ ತಡೆದಾಗ ದಕ್ಷಿಣ ಬೆಂಗಳೂರಿನ ಅನೇಕ ಹಿರಿಯ ನಾಗರಿಕರ ಜೀವಮಾನದ ಉಳಿತಾಯ ಸಿಲುಕಿಕೊಂಡಿತು. ಸಹಕಾರ ತತ್ತ್ವದಲ್ಲಿ ಷೇರು ಎಷ್ಟೇ ಇದ್ದರೂ ಸದಸ್ಯನಿಗೆ ಒಂದೇ ಮತ. ಅಂದರೆ ಸಹಕಾರಿ ಬ್ಯಾಂಕು ಆರ್ಥಿಕ ಕ್ಷೇತ್ರದೊಳಗಿನ ಒಂದು ಪ್ರಜಾಪ್ರಭುತ್ವ. ಆದರೆ ಷೇರುದಾರನಲ್ಲದ ಠೇವಣಿದಾರನಿಗೆ ಅಲ್ಲಿ ಮತವಿಲ್ಲ. ಲೆಕ್ಕಪತ್ರಗಳನ್ನು ಪ್ರಶ್ನಿಸುವ ಸದಸ್ಯರು ಮಹಾಸಭೆಗೆ ಬರದಿದ್ದರೆ ಮತವಿದ್ದೂ ಪ್ರಯೋಜನವಿಲ್ಲ.

ಮುಂದಿನ ಬೆಳವಣಿಗೆ ಇನ್ನೂ ಮುಖ್ಯವಾದುದು. 1993ರಿಂದ ಒಂದು ಲಕ್ಷ ರೂಪಾಯಿಗೆ ನಿಂತಿದ್ದ ಠೇವಣಿ ವಿಮೆಯ ಮಿತಿ, 2019ರ ಮುಂಬಯಿಯ ಪಿಎಂಸಿ ಬ್ಯಾಂಕಿನ ಪ್ರಕರಣ ಹಾಗೂ ಈ ಪ್ರಕರಣದ ಬೆನ್ನಲ್ಲೇ 2020ರ ಫೆಬ್ರವರಿಯಲ್ಲಿ ಐದು ಲಕ್ಷಕ್ಕೇರಿತು. 2021ರ ತಿದ್ದುಪಡಿ ಕಾಯಿದೆಯು ನಿರ್ಬಂಧಿತ ಬ್ಯಾಂಕುಗಳ ಠೇವಣಿದಾರರಿಗೆ ವಿಮೆಯ ಹಣವನ್ನು 90 ದಿನಗಳಲ್ಲಿ ಕೊಡಬೇಕೆಂದು ವಿಧಿಸಿತು. ಠೇವಣಿದಾರರು ಸಭೆ ಸೇರಿದರು, ಜನಪ್ರತಿನಿಧಿಗಳನ್ನು ಪ್ರಶ್ನಿಸಿದರು, ಶಾಸನ ಬದಲಾಯಿತು. ಐದು ಲಕ್ಷಕ್ಕಿಂತ ಹೆಚ್ಚು ಇಟ್ಟವರ ಕಷ್ಟ ಇದರಿಂದ ತೀರಲಿಲ್ಲ. ಆದರೂ ಮಾರುಕಟ್ಟೆ ಮಾಡಿದ ಗಾಯಕ್ಕೆ ಮತದ ಶಕ್ತಿ ಭಾಗಶಃವಾದರೂ ಮದ್ದಾಗಬಲ್ಲದೆಂಬುದಕ್ಕೆ ಇದು ನಿದರ್ಶನ.

ಪ್ರಾತಿನಿಧ್ಯದ ಕೊರತೆ

ಮಧ್ಯಮ ವರ್ಗದ ಇನ್ನೊಂದು ಆಸ್ತಿ ಮನೆ. 2020ರ ಅಕ್ಟೋಬರ್ 23ರ ಭಾರಿ ಮಳೆಯಲ್ಲಿ ಹೊಸಕೆರೆಹಳ್ಳಿಯ ದತ್ತಾತ್ರೇಯನಗರದ ಮನೆಗಳಿಗೆ ರಾಜಕಾಲುವೆಯ ನೀರು ನುಗ್ಗಿತು. ಮಾರನೆಯ ದಿನ ಮುಖ್ಯಮಂತ್ರಿಗಳು ಭೇಟಿ ನೀಡಿದರು. ಸಂತ್ರಸ್ತ ಕುಟುಂಬಗಳಿಗೆ ತಲಾ 25,000 ರೂಪಾಯಿ ಪರಿಹಾರ ಘೋಷಣೆಯಾಯಿತು. ಕೆರೆಗಳ ನಡುವಣ ಕಾಲುವೆಗಳು ಕಿರಿದಾಗುತ್ತ ಬಂದುದು ಹಲವು ದಶಕಗಳ ಭೂವ್ಯವಹಾರದ ಫಲ. ಭೂಮಿಯ ಬೆಲೆ ಏರಿದಂತೆ ನೀರು ಹರಿಯುವ ದಾರಿಯೂ ಮಾರಾಟದ ವಸ್ತುವಾಗುತ್ತದೆ. ಕೊನೆಗೆ ಸಾಲ ಮಾಡಿ ತಗ್ಗಿನಲ್ಲಿ ಮನೆ ಕೊಂಡವನು ಅದರ ಬೆಲೆ ತೆರುತ್ತಾನೆ.

ಆ ಮಳೆಗೆ ಆರು ವಾರ ಮೊದಲು, ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಕೌನ್ಸಿಲಿನ ಅವಧಿ ಮುಗಿದಿತ್ತು. ಪ್ರವಾಹಕ್ಕೆ ಅದು ಕಾರಣವಲ್ಲ. ಆದರೆ ಮರುದಿನದಿಂದ ಕಾಲುವೆಯ ಗೋಡೆ ಯಾವಾಗ ಕಟ್ಟುತ್ತೀರೆಂದು ಕೇಳಲು ವಾರ್ಡಿನಲ್ಲಿ ಸದಸ್ಯನಿರಲಿಲ್ಲ. ಚುನಾವಣೆ ನಡೆಯದೆ ಐದು ವರ್ಷ ಕಳೆದು, 2025ರ ಸೆಪ್ಟೆಂಬರಿನಲ್ಲಿ ನಗರವು ಐದು ಪಾಲಿಕೆಗಳಾಗಿ ವಿಂಗಡಣೆಗೊಂಡಿತು. 2006ರಿಂದ 2010ರವರೆಗೂ ನಗರದಲ್ಲಿ ಚುನಾಯಿತ ಕೌನ್ಸಿಲ್ ಇರಲಿಲ್ಲ. ಸ್ಥಳೀಯ ಸಂಸ್ಥೆಗೆ ಐದು ವರ್ಷಗಳ ಅವಧಿಯನ್ನು ನಿಗದಿಗೊಳಿಸಿದ 74ನೆಯ ಸಂವಿಧಾನ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ ಎಂಬುದನ್ನು ನೆನೆದರೆ ಈ ಕೊರತೆಯ ಗಾಂಭೀರ್ಯ ತಿಳಿಯುತ್ತದೆ.

ಇದರ ಹೊಣೆ ಸರ್ಕಾರಗಳದ್ದು ಮಾತ್ರವಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ಮತದಾನ ಸುಮಾರು ಶೇ. 70 ಇದ್ದರೆ ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿ ಅದು ಸುಮಾರು ಶೇ. 53. ನಲ್ಲಿ ನೀರು ಬಾರದಿದ್ದರೆ ಟ್ಯಾಂಕರ್, ಸರ್ಕಾರಿ ಶಾಲೆ ಸರಿಯಿಲ್ಲದಿದ್ದರೆ ಖಾಸಗಿ ಶಾಲೆ ಎಂದು ಪ್ರತಿಯೊಂದಕ್ಕೂ ಮಾರುಕಟ್ಟೆಯ ಪರ್ಯಾಯವನ್ನು ಕೊಳ್ಳುವ ವರ್ಗವು ಸಾರ್ವಜನಿಕ ವ್ಯವಸ್ಥೆಯ ಮೇಲಿನ ಆಸಕ್ತಿಯನ್ನು ಕ್ರಮೇಣ ಕಳೆದುಕೊಳ್ಳುತ್ತದೆ. ಆದರೆ ಆ ಪರ್ಯಾಯಗಳ ಬೆಲೆ ಏರಿದಾಗ ಕೊಳ್ಳುವ ಶಕ್ತಿಯೂ ಇಲ್ಲ, ಕೇಳುವ ಅಭ್ಯಾಸವೂ ಇಲ್ಲ ಎಂಬ ಸ್ಥಿತಿ ಒದಗುತ್ತದೆ.

ಒಟ್ಟಾರೆಯಾಗಿ ಹೇಳುವುದಾದರೆ, ಬಂಡವಾಳಶಾಹಿ ಮತ್ತು ಪ್ರಜಾಪ್ರಭುತ್ವಗಳು ಸ್ವಭಾವತಃ ಮಿತ್ರರೂ ಅಲ್ಲ, ಶತ್ರುಗಳೂ ಅಲ್ಲ. ಅವುಗಳ ಸಹಬಾಳ್ವೆ ನಡುವೆ ನಿಂತಿರುವ ಸಂಸ್ಥೆಗಳನ್ನು ಅವಲಂಬಿಸಿದೆ: ಕಾರ್ಮಿಕ ಸಂಘ, ಪಿಂಚಣಿ, ಠೇವಣಿ ವಿಮೆ, ಜಾಗೃತ ಸಹಕಾರ ಸಂಘ, ಚುನಾಯಿತ ನಗರಾಡಳಿತ. ಬೆಂಗಳೂರಿನ ಅನುಭವದಲ್ಲಿ ಈ ಸಂಸ್ಥೆಗಳು ಗಟ್ಟಿಯಾಗಿದ್ದಾಗ ಮಧ್ಯಮ ವರ್ಗ ಬೆಳೆಯಿತು, ಸಡಿಲಗೊಂಡಾಗ ಸೊರಗಿತು. ಲಿಪ್ಸೆಟ್ ಹೇಳಿದಂತೆ ಮಧ್ಯಮ ವರ್ಗವು ಪ್ರಜಾಪ್ರಭುತ್ವವನ್ನು ಪೋಷಿಸುವುದು ನಿಜವಾದರೆ, ಪ್ರಜಾಸತ್ತಾತ್ಮಕ ಸಂಸ್ಥೆಗಳಿಲ್ಲದೆ ಆ ವರ್ಗವೂ ಉಳಿಯದು ಎಂಬುದು ಅಷ್ಟೇ ನಿಜ. ಅಂಬೇಡ್ಕರ್ ಎಚ್ಚರಿಸಿದ ವೈರುಧ್ಯವು ಹೀಗೆ ಬಡವರ ಪ್ರಶ್ನೆಯಾಗಿ ಮಾತ್ರ ಉಳಿದಿಲ್ಲ. ತಮ್ಮದು ಭದ್ರವಾದ ಬದುಕೆಂದು ನಂಬಿದ್ದವರ ಮನೆಬಾಗಿಲಿಗೂ ಅದು ಬಂದು ನಿಂತಿದೆ.