ಚೆನ್ನೈಯಲ್ಲಿ ಆಸ್ಪತ್ರೆ ಆರಿಸುವುದು ಹೇಗೆ? ಕಷ್ಟ ಬರುವ ಮೊದಲೇ ತಿಳಿದಿರಲಿ



ಊರಲ್ಲಿದ್ದರೆ ಯಾವ ಆಸ್ಪತ್ರೆಗೆ ಹೋಗಬೇಕೆಂದು ಪಕ್ಕದ ಮನೆಯವರೇ ಹೇಳುತ್ತಾರೆ. ಚೆನ್ನೈಗೆ ಹೊಸದಾಗಿ ಬಂದವರಿಗೆ ಆ ಅನುಕೂಲವಿಲ್ಲ. ಮಗನ ಮನೆಗೆ ಬಂದ ಅಪ್ಪನಿಗೆ ನಡುರಾತ್ರಿ ಬಾಯಿ ಸೊಟ್ಟಗಾಗಿ, ಕೈ ಎತ್ತಲಾಗದೆ ಹೋದರೆ ಆಗ ಫೋನಿನಲ್ಲಿ ಹುಡುಕುತ್ತಾ ಕೂರಲು ಸಮಯವಿರುವುದಿಲ್ಲ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಪಾರ್ಶ್ವವಾಯು ಆದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದ್ದರಿಂದ ಎಲ್ಲರೂ ಚೆನ್ನಾಗಿರುವಾಗಲೇ ಈ ಕೆಲಸ ಮಾಡಿಡಿ.

*1. ತುರ್ತಿಗೆ ಹತ್ತಿರದ್ದು*
ಮನೆಗೆ ಹತ್ತಿರದ ಎರಡು ಆಸ್ಪತ್ರೆಗಳಿಗೆ ಒಮ್ಮೆ ಹೋಗಿ ಕೇಳಿ: ರಾತ್ರಿಯೂ ಸಿಟಿ ಸ್ಕ್ಯಾನ್ ಇದೆಯೇ? ಐಸಿಯು ಇದೆಯೇ? ಹೃದಯಾಘಾತವಾದರೆ ರಾತ್ರಿಯೇ ಆಂಜಿಯೋಪ್ಲಾಸ್ಟಿ ಮಾಡುತ್ತಾರೆಯೇ? "ಇಲ್ಲ" ಎಂದರೆ ಕಟ್ಟಡ ಎಷ್ಟು ಚೆಂದವಿದ್ದರೂ ತುರ್ತಿಗೆ ಅದು ಬೇಡ.

*2. ಸರ್ಕಾರಿ ಆಸ್ಪತ್ರೆ ಮರೆಯಬೇಡಿ*
ಸೆಂಟ್ರಲ್ ರೈಲು ನಿಲ್ದಾಣದ ಎದುರಿನ ರಾಜೀವ್ ಗಾಂಧಿ ಸರ್ಕಾರಿ ಜನರಲ್ ಆಸ್ಪತ್ರೆ, ಉತ್ತರ ಚೆನ್ನೈನವರಿಗೆ ಸ್ಟಾನ್ಲಿ, ಮಕ್ಕಳಿಗೆ ಎಗ್ಮೋರ್ ಮಕ್ಕಳ ಆಸ್ಪತ್ರೆ ಇವೆ. ಜನಸಂದಣಿ ಹೆಚ್ಚು, ಆದರೆ ಅನುಭವಿ ವೈದ್ಯರಿದ್ದಾರೆ. ಕ್ಯಾನ್ಸರ್‌ಗೆ 1954ರಲ್ಲಿ ಆರಂಭವಾದ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್, ಕಣ್ಣಿಗೆ 1978ರಲ್ಲಿ ಆರಂಭವಾದ ಶಂಕರ ನೇತ್ರಾಲಯ ಇವೆ. ಈ ಎರಡೂ ಲಾಭಕ್ಕಾಗಿ ನಡೆಯುವ ಸಂಸ್ಥೆಗಳಲ್ಲ.

*3. ಆಪರೇಷನ್‌ಗೆ ಮೊದಲು ಹೋಲಿಸಿ*
✅ ಎರಡು ಕಡೆ ಖರ್ಚಿನ ಅಂದಾಜನ್ನು ಬರಹದಲ್ಲಿ ಪಡೆಯಿರಿ. ಔಷಧಿ, ಪರೀಕ್ಷೆ, ಸ್ಟೆಂಟ್ ಅಥವಾ ಕೃತಕ ಮಂಡಿಯ ಬೆಲೆ ಅದರಲ್ಲಿ ಸೇರಿದೆಯೇ ನೋಡಿ.
✅ ಎಷ್ಟೋ ಕಡೆ ದುಬಾರಿ ರೂಮು ತೆಗೆದುಕೊಂಡರೆ ಡಾಕ್ಟರ ಫೀಸೂ ಏರುತ್ತದೆ. ಮೊದಲೇ ವಿಚಾರಿಸಿ.
✅ ಆಸ್ಪತ್ರೆಗೆ ಎನ್‌ಎಬಿಎಚ್ ಗುಣಮಟ್ಟದ ಮಾನ್ಯತೆ ಇದೆಯೇ ನೋಡಿ.
✅ ಈ ಆಪರೇಷನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ ಎಂದು ಡಾಕ್ಟರನ್ನೇ ಕೇಳಿ. ಕೇಳುವುದು ಅವಮರ್ಯಾದೆಯಲ್ಲ.
✅ ಅವಸರವಿಲ್ಲದಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ.

*4. ವಿಮೆ*
ನಿಮ್ಮ ವಿಮಾ ಕಂಪನಿಯ ಪಟ್ಟಿಯಲ್ಲಿ ಆ ಆಸ್ಪತ್ರೆ ಇದೆಯೇ ನೋಡಿ. ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅನುಮತಿಗೆ ಮೂರು ಗಂಟೆಯೊಳಗೆ ಕಂಪನಿ ಉತ್ತರಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಆದೇಶಿಸಿದೆ. ಕರ್ನಾಟಕದ ಆಯುಷ್ಮಾನ್ ಕಾರ್ಡ್ ಇದ್ದವರು, ಅದು ಇಲ್ಲಿ ನಡೆಯುತ್ತದೆಯೇ ಎಂದು 14555ಕ್ಕೆ ಕರೆ ಮಾಡಿ ಈಗಲೇ ಖಚಿತಪಡಿಸಿಕೊಳ್ಳಿ.

*5. ಅಪಘಾತವಾದರೆ*
108ಕ್ಕೆ ಕರೆ ಮಾಡಿ. ದುಡ್ಡು ಅಥವಾ ಪೊಲೀಸ್ ಕೇಸಿನ ನೆಪ ಹೇಳಿ ಗಾಯಾಳುವನ್ನು ವಾಪಸು ಕಳಿಸುವಂತಿಲ್ಲ. ಜೀವ ಉಳಿಸುವುದೇ ಮೊದಲು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ತಮಿಳುನಾಡಿನಲ್ಲಿ 2021ರಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆ ಉಚಿತ ಚಿಕಿತ್ಸೆಯ ಯೋಜನೆ ಇದೆ. ಹೊರರಾಜ್ಯದವರಿಗೂ ಇದು ಅನ್ವಯಿಸುತ್ತದೆ, ಆದರೆ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಮಾತ್ರ.

*6. ನಾಲ್ಕು ತಮಿಳು ಮಾತು*
ನೆಂಜು ವಲಿ: ಎದೆನೋವು
ಮೂಚ್ಚು ತಿಣರಲ್: ಉಸಿರಾಟದ ತೊಂದರೆ
ಮಯಕ್ಕಂ: ತಲೆಸುತ್ತು, ಎಚ್ಚರ ತಪ್ಪುವುದು
ಪಕ್ಕವಾದಂ: ಪಾರ್ಶ್ವವಾಯು

ಆಸ್ಪತ್ರೆಗಳ ಹೆಸರು, ಫೋನ್ ನಂಬರು, ಮನೆಯವರು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ತಮಿಳು ಬಾರದ ಅಮ್ಮ ಒಬ್ಬರೇ ಮನೆಯಲ್ಲಿದ್ದಾಗ ಆ ಹಾಳೆಯೇ ಆಸರೆ.

ಚೆನ್ನೈಯಲ್ಲಿರುವ ನಿಮ್ಮ ಬಂಧುಗಳಿಗೂ ತಪ್ಪದೆ ಕಳುಹಿಸಿ.