ಹಳೆಯ ಬಸ್ಸುಗಳ ರಕ್ಷಣೆ

ಖಾನಾಪುರ ತಾಲ್ಲೂಕಿನ ಬೀಡಿಯನ್ನೊಳಗೊಂಡ ಬೆಳಗಾವಿ ಜಿಲ್ಲೆಯು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದಿತು. ಮುಂಬಯಿ ಸರಕಾರಿ ಸಾರಿಗೆಯ ಮೊದಲ ಬಸ್ಸು 1948ರ ಜೂನ್ 1ರಂದು ಪುಣೆಯಿಂದ ಅಂದಿನ ಅಹಮದನಗರಕ್ಕೆ ಸಂಚರಿಸಿತು. ಅದು ಬ್ರಿಟನ್ನಿನ ಬೆಡ್‌ಫರ್ಡ್ ಬಸ್ಸು; ಮರದ ಮೈಕಟ್ಟು, ತೆಂಗಿನ ನಾರಿನ ಆಸನಗಳು, 30 ಜನರಿಗೆ ಸ್ಥಳ. ಹಳ್ಳಿಗರಿಗೆ ಶಾಲೆ, ಸಂತೆ, ಆಸ್ಪತ್ರೆಗಳನ್ನು ಹತ್ತಿರ ತಂದುದು ಸಾರಿಗೆಯ ಬಸ್ಸೇ.

ಆದರೆ ಆಯುಷ್ಯ ತೀರಿದ ಬಸ್ಸು ಗುಜರಿಯ ಪಾಲಾಗುತ್ತದೆ. ಬಯಲಲ್ಲಿ ಬಿಟ್ಟರೆ ಮರ ಕೊಳೆಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಬಿಡಿಭಾಗಗಳೂ ದೊರೆಯುವುದಿಲ್ಲ. ಲಂಡನ್ನಿನ ರೂಟ್‌ಮಾಸ್ಟರ್ ಬಸ್ಸುಗಳು 2005ರಲ್ಲಿ ಸಾಮಾನ್ಯ ಸೇವೆಯಿಂದ ನಿವೃತ್ತವಾದರೂ, ಆಸಕ್ತರು ಹಲವನ್ನು ದುರಸ್ತಿಗೊಳಿಸಿ ಉಳಿಸಿಕೊಂಡಿದ್ದಾರೆ. ಕೋಟೆಕೊತ್ತಲಗಳು ಅರಸರ ಚರಿತ್ರೆಯನ್ನು ಸಾರುವಂತೆ ಹಳೆಯ ಬಸ್ಸು ಜನಸಾಮಾನ್ಯರ ಚರಿತ್ರೆಯನ್ನು ಸಾರುತ್ತದೆ. ನಮ್ಮಲ್ಲಿಯೂ ಕೆಲವನ್ನಾದರೂ ಕಾಪಾಡಿದರೆ ಮುಂದಿನ ಪೀಳಿಗೆ ಅದನ್ನು ಕಣ್ಣಾರೆ ಕಂಡೀತು.